ಭರಮ ಕಾಗದ ಕಾಯ್ದದ್ದು

ಕೇಳ್ರಪ್ಪಾ, ಬಿಳಿ ಸಾಹೇಬರು ಕುದುರೆ ಏರಿ ಬಂದು ಊರೂರು ತಪಾಸು ಮಾಡುತ್ತಿದ್ದ ಕಾಲದ ಮಾತು ಇದು. ಬಾಳವ್ವನಿಗೆ ಇದ್ದವನು ಒಬ್ಬನೇ ಮಗ, ಭರಮ. ಮೂವತ್ತು ತುಂಬಿದ ಗಂಡಸು. ಒಂದು ಕೊಡ ನೀರು ತಾ ಅಂದರೆ, ಮನೆಗೆ ಬೆಂಕಿ ಬಿದ್ದರೂ ಎರಡನೆಯ ಕೊಡ ತರದವನು!

"ಇಂವ ಹೆಂಗ ಬಾಳೇ ಮಾಡ್ತಾನೋ ಯವ್ವಾ!" ಎಂದು ಬಾಳವ್ವ ಹಣೆ ಚಚ್ಚಿಕೊಂಡಳು. ಕಚೇರಿಯಲ್ಲಿ ಕಾಗದಪತ್ರ ಕಾಯುವ ಕಾರಕೂನ ಗುಂಡೋಪಂತರಿಗೆ ಕನಿಕರ ಬಂತು. ಮಾಮಲೇದಾರರಿಗೆ ಹೇಳಿ ಭರಮನನ್ನು ಕಚೇರಿಯ ಸಿಪಾಯಿ ಮಾಡಿಸಿದರು. ಅಂಥ ಪುಣ್ಯಾತ್ಮರು.

ಮೊದಲ ದಿನವೇ ಪಂತರು, "ಭರಮ್ಯಾ, ಕಾಗದಕ್ಕ ಗೆದ್ದಲು ಹತ್ಯಾವ. ಬಿಸಿಲಿಗೆ ಹಾಕು" ಅಂದರು. ಹಾಕಿದ! ಕಟ್ಟು ಬಿಚ್ಚಿ, ಒಂದೊಂದೇ ಹಾಳೆ ಅಂಗಳದ ತುಂಬ ಹರವಿದ. ಗಾಳಿ ಬಂತು. ಹಾಳೆಗಳು ಬೇವಿನ ಮರ ಏರಿದವು.

"ಅಯ್ಯೋ ಹುಚ್ಚಪ್ಪಾ! ಅರಿವ್ಯಾಗ ಬಿಗಿಯಾಗಿ ಕಟ್ಟಿ, ಕಂಕುಳಾಗ ಇಟಗೋಬೇಕಲೇ!"

"ಹಂಗ ಮಾಡ್ತೇನ್ರಿ, ರಾಯರ."

ಮರುದಿನ ಬಾಳವ್ವ ಸಂತೆಯಿಂದ ಬೆಣ್ಣೆ ತರಹೇಳಿದಳು. ತಂದ! ಬೆಣ್ಣೆಯನ್ನು ಅರಿವೆಯಲ್ಲಿ ಬಿಗಿಯಾಗಿ ಕಟ್ಟಿ, ಕಂಕುಳಲ್ಲಿ ಅವುಚಿಕೊಂಡು, ಸುಡುಬಿಸಿಲಲ್ಲಿ ಎರಡು ಹರದಾರಿ ನಡೆದು ತಂದ. ಮನೆಗೆ ಬಂದದ್ದು ಅರಿವೆ ಮಾತ್ರ.

"ನಿನ್ನ ಮಾರಿಗಿಷ್ಟು! ಗಡಿಗ್ಯಾಗ ಹಾಕಿ, ಬಾಯಿಗೆ ಮಣ್ಣು ಮೆತ್ತಿ, ನೀರಿನ ಕೊಡದ ಬುಡಕ ಹಸಿ ಉಸುಕಿನ್ಯಾಗ ಹುಗೀಬೇಕೋ!"

"ಹಂಗ ಮಾಡ್ತೇನವ್ವಾ."

ಆ ಊರಿನ ದನ ಮೇಯುವ ಗಾಯರಾಣದ ಮೇಲೆ ದೊಡ್ಡ ಜಮೀನುದಾರ ದೇಸಾಯಿಯ ಕಣ್ಣು ಬಿದ್ದಿತ್ತು. ಅದು ಊರಿನದು ಅನ್ನುವುದಕ್ಕೆ ಇದ್ದದ್ದು ನಾಲ್ಕೇ ನಾಲ್ಕು ಹಳೆಯ ಕಾಗದ. ದೇಸಾಯಿಯ ಮಂದಿ ಕಚೇರಿ ಸುತ್ತ ಸುಳಿದಾಡುವುದನ್ನು ನೋಡಿ ಪಂತರಿಗೆ ಜೀವ ನಿಲ್ಲಲಿಲ್ಲ. ಕಳ್ಳತನ ಸುಳ್ಳು ಗೊತ್ತಿಲ್ಲದವನು ಇವನೊಬ್ಬನೇ ಎಂದು ಆ ಕಾಗದಗಳನ್ನು ಭರಮನ ಕೈಗೆ ಕೊಟ್ಟರು.

"ಜ್ವಾಕಿ ಇಡು. ಎಲ್ಲಿ ಇಟ್ಟೀಯಂತ ಯಾರು ಕೇಳಿದರೂ ಹೇಳಬ್ಯಾಡ. ನಾನೇ ಕೇಳಿದರೂ ಹೇಳಬ್ಯಾಡ!"

"ಹಂಗ ಮಾಡ್ತೇನ್ರಿ, ರಾಯರ."

ಎಂಟು ದಿನಕ್ಕೆ ಸಾಹೇಬ ಬಂದ. ಗಾಯರಾಣದ ಕಾಗದ ಎಲ್ಲಿ ಅಂದ. ಕಪಾಟು ಖಾಲಿ! ವಿಚಾರಣೆ ಕೂತಿತು. ಭರಮನ ಕೈಗೆ ಕೊಟ್ಟಿದ್ದೇನೆ ಅಂದರು ಪಂತರು. ಸಾಹೇಬನಿಗೆ ಹರಕುಮುರುಕು ಕನ್ನಡ ಬರುತ್ತಿತ್ತು.

"ಕಾಗದ ಎಲ್ಲಿ ಇದೆ? ಹೇಳು!"

ಭರಮ ತುಟಿ ಬಿಚ್ಚಲಿಲ್ಲ.

ಪಂತರು ಕೈಮುಗಿದರು. "ಭರಮ್ಯಾ, ನಾನಽ ಹೇಳಾಕತ್ತೇನಲ್ಲೋ, ಹೇಳಪ್ಪಾ!"

"ನೀವು ಕೇಳಿದರೂ ಹೇಳಬ್ಯಾಡ ಅಂದೀರಿ, ರಾಯರ."

ಮಂದಿ ನಕ್ಕರು. ಸಾಹೇಬ ನಗಲಿಲ್ಲ. ಮೂವತ್ತು ವರ್ಷ ಒಂದು ಚೀಟಿ ಕಳೆಯದ ಮುದುಕ ಪಂತರಿಗೆ, ನಾಳೆ ಹೊತ್ತೇರುವುದರೊಳಗೆ ಕಾಗದ ತಂದಿಡು, ಇಲ್ಲವಾದರೆ ಕೆಲಸ ಬಿಡು, ನೀನು ಕಳ್ಳ ಎಂದು ಬರೆಯುತ್ತೇನೆ ಅಂದ.

ಸುದ್ದಿ ಬಾಳವ್ವನಿಗೆ ಮುಟ್ಟಿತು. ಮಗನನ್ನು ಕೇಳಿದಳು, ಬೈದಳು, ಅತ್ತಳು. ಅವನು ಹೇಳಲಿಲ್ಲ. ಮರುದಿನ ಬೆಳಗ್ಗೆ ನೀರು ತುಂಬಿ ಕೊಡ ಇಡುವಾಗ ತಾನು ಆಡಿದ ಮಾತೇ ನೆನಪಾಯಿತು. ಉಸುಕು ಕೆದರಿದಳು. ಗಡಿಗೆ! ಬಾಯಿಗೆ ಮೆತ್ತಿದ ಮಣ್ಣು! ಒಳಗೆ ನಾಲ್ಕು ಕಾಗದ, ಒಂದು ಮೂಲೆಯೂ ಹರಿಯದೆ!

ಅಷ್ಟರಲ್ಲಿ ಸಾಹೇಬನ ಕುದುರೆಗೆ ಜೀನು ಬಿಗಿಯುತ್ತಿದ್ದರು. ಬಾಳವ್ವನಿಗೆ ಮೊಳಕಾಲು ಬೇನೆ, ಓಡಲಾರಳು.

"ಓಡು ಮಗನ! ಸಾಹೇಬನ ಕೈಯಾಗ ಕೊಡು. ನೀ ಬಾಯಿ ತೆರೆದರ ಕೇಡು. ಏನು ಕೇಳಿದರೂ ಹೂಂ ಅಂತ ತಲಿ ಹಾಕು, ಅಷ್ಟ!"

ಓಡಿದ. ಕೊಟ್ಟ. ಏದುಸಿರು ಬಿಡುತ್ತ ನಗುನಗುತ್ತ ಬಂದ.

"ಅವ್ವಾ, ಈ ಸಲ ಒಂದೂ ತಪ್ಪಲಿಲ್ಲ! ಏನು ಕೇಳಿದರೂ ತಲಿ ಹಾಕಿದೆ."

"ಏನು ಕೇಳಿದ್ನೋ?"

"ಮುದುಕ ಬಚ್ಚಿಟ್ಟಿದ್ದನಾ ಅಂದ. ತಲಿ ಹಾಕಿದೆ. ಈಗ ಹೆದರಿ ನಿನ್ನ ಕೈಲಿ ಕಳಿಸಿದನಾ ಅಂದ. ತಲಿ ಹಾಕಿದೆ. ಬರಕೊಂಡು ಕುದುರಿ ಹತ್ತಿ ಹೋದ."

ಗಾಯರಾಣ ಊರಿಗೆ ಉಳಿಯಿತು. ಪಂತರ ಹೆಸರು ಉಳಿಯಲಿಲ್ಲ. ಬಾಳವ್ವ ಈ ಸಲ ಬೈದದ್ದು ತನ್ನನ್ನೇ. ಇವನಿಗೆ ಅದು ಮಾಡು, ಇದು ಮಾಡು ಎಂದೆನೇ ಹೊರತು, ಯಾಕೆ ಮಾಡಬೇಕು ಎಂದು ಒಂದು ದಿನವಾದರೂ ಕೂಡಿಸಿಕೊಂಡು ಹೇಳಿದೆನೆ ಎಂದು ಹಳಹಳಿಸಿದಳು.

"ಹೋಗು, ರಾಯರಿಗೆ ಅಡ್ಡಬೀಳು. ಅವರು ಏಳು ಅನ್ನೂತನಕ ಏಳಬ್ಯಾಡ" ಅಂದಳು.

"ಹಂಗ ಮಾಡ್ತೇನವ್ವಾ."

ಹೋದ. ಪಂತರ ಬಾಗಿಲಿಗೆ ಬೀಗ. ಮಾನ ಹೋದ ಊರಲ್ಲಿ ಒಂದು ತುತ್ತೂ ಒಲ್ಲೆನೆಂದು ಮುದುಕರು ಗಾಡಿ ಹೂಡಿಸಿಕೊಂಡು ಮಗಳ ಊರಿಗೆ ಹೋಗಿಬಿಟ್ಟಿದ್ದರು. ಭರಮ ಹೊಸ್ತಿಲಿಗೆ ಹಣೆ ಹಚ್ಚಿ ಉದ್ದಕ್ಕೆ ಅಡ್ಡಬಿದ್ದ. ಹೋಗಿಬರುವವರು ಏಳು ಅಂದರು. ಏಳಲಿಲ್ಲ. ಬಿಸಿಲೇರಿತು. ಕಡೆಗೆ ಬಾಳವ್ವ ಕುಂಟುತ್ತ ಬಂದಳು.

"ಏಳೋ ನನ್ನಪ್ಪಾ. ರಾಯರು ಇಲ್ಲೋ."

"ನೀ ಅಂದರ ನಡಿಯಂಗಿಲ್ಲವ್ವಾ. ರಾಯರ ಅನಬೇಕು."

ಬಾಳವ್ವ ಬೀಗ ನೋಡಿದಳು, ಮಗನ ಬೆನ್ನು ನೋಡಿದಳು. ಸೆರಗಿನಿಂದ ಅವನಿಗೆ ನೆರಳು ಮಾಡಿಕೊಂಡು ಅಲ್ಲೇ ಕಟ್ಟೆಯ ಮೇಲೆ ಕೂತಳು.