ತಾಳ ಹಾಕಿದ ಸಿಪಿಲೆ

"ಗುರುಗಳೇ, ನಾನಿನ್ನು ಬೇರೆ ಮಠ ಕಟ್ಟಬಹುದೇ?" ಎಂದು ಶಿಷ್ಯ ಶಾಂತಯ್ಯ ಕೇಳಿದ. ಅವನು ಮಠಕ್ಕೆ ಬಂದು ಮೂರು ವರ್ಷವಾಗಿತ್ತು. "ನನ್ನ ಮಧ್ಯಾಹ್ನದ ಪ್ರವಚನಕ್ಕೆ ಅಂಗಳದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಊಟದ ಗಂಟೆ ಬಾರಿಸುವವರೆಗೆ ಒಬ್ಬರೂ ಎದ್ದು ಹೋಗುವುದಿಲ್ಲ. ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?"

ಗುರುಗಳು ಕಂಬಳಿ ಸರಿಯಾಗಿ ಹೊದ್ದುಕೊಂಡು ಕತೆ ಹೇಳಿದರು.

ಒಬ್ಬ ತೋಟಗಾರನಿದ್ದ. ಸೊಪ್ಪು ತರಕಾರಿ ಬೆಳೆಯಲು ಅವನ ಕೈ ಒಳ್ಳೆಯದು. ಕಂಠದ ಮಾತು ಬೇರೆ. ಊರಿನ ಭಜನಾ ಮೇಳದಲ್ಲಿ ಅವನು ಇಪ್ಪತ್ತು ವರ್ಷದಿಂದ ಹಿಮ್ಮೇಳದವನು. ಮುಂದೆ ನಿಂತವರು ಒಂದು ಸಾಲು ಎತ್ತಿಕೊಡಬೇಕು, ಹಿಂದಿನವರು ಅದನ್ನೇ ತಿರುಗಿ ಹೇಳಬೇಕು. ಇವನ ಬಾಯಿಗೆ ಬರುವಷ್ಟರಲ್ಲಿ ಶ್ರುತಿ ಊರು ಬಿಟ್ಟಿರುತ್ತಿತ್ತು. ಆದರೂ ಸಾಯುವುದರೊಳಗೆ ಒಮ್ಮೆ ಮುಂದೆ ನಿಲ್ಲಬೇಕೆಂಬುದು ಅವನ ಆಸೆ.

ಆ ವರ್ಷ ಧನುರ್ಮಾಸದಲ್ಲಿ ಮೇಳದ ಯಜಮಾನನ ಮುಂದಿನ ಹಲ್ಲುಗಳು ಬಿದ್ದುಹೋದವು. ಸಂಕ್ರಾಂತಿಯ ಬೆಳಿಗ್ಗೆ ಹಾಡು ಎತ್ತಿಕೊಡಲು ಅವನು ಬೇರೊಬ್ಬನನ್ನು ಆರಿಸಬೇಕಾಯಿತು. ತೋಟಗಾರ ಅಭ್ಯಾಸಕ್ಕೆ ತೊಡಗಿದ. ಮನೆಯಲ್ಲಿ ಹೆಂಡತಿ ಬಿಡಲಿಲ್ಲ. ಹಾಗಾಗಿ ತೋಟದಲ್ಲಿ ಮೂಲಂಗಿಗೆ ಪಾತಿ ಅಗೆಯುತ್ತಾ ಹಾಡಿದ.

ಹಾಡಿದ್ದೇ ತಡ, ಹಕ್ಕಿಗಳು ಬಂದವು. ಗೊರವಂಕಗಳು ಜೋಡಿಯಾಗಿ ಇಳಿದವು. ಬೆಳ್ಳಕ್ಕಿಯೊಂದು ಒಂಟಿ ಕಾಲಿನಲ್ಲಿ ನಿಂತು ಕುತ್ತಿಗೆ ತೂಗಿತು. ಚಳಿಗಾಲಕ್ಕೆ ಮಾತ್ರ ಬರುವ ಸಿಪಿಲೆ ಹಕ್ಕಿ ಅವನ ಹಿಂದೆ ಹಿಂದೆಯೇ ನಡೆದು ಬಾಲ ಕುಣಿಸಿ ತಾಳ ಹಾಕಿತು. ಮರುದಿನ ಇನ್ನಷ್ಟು ಬಂದವು. ತೋಟಗಾರ ಸಂತೋಷದಿಂದ ದನಿ ಇನ್ನೂ ಏರಿಸಿದ.

ಅವನು ಯಜಮಾನನ ಮನೆಗೆ ಹೋಗಿ, "ಯಜಮಾನ್ರೇ, ಜನ ನನ್ನ ಹಾಡಿಗೆ ಕಿವಿ ಮುಚ್ಕೊಳ್ತಾರೆ, ನಿಜ. ಹಕ್ಕಿಗಳಿಗೆ ಯಾರ ದಾಕ್ಷಿಣ್ಯ? ನೀವೇ ಬಂದು ನೋಡಿ" ಎಂದ.

ಯಜಮಾನ ಬಂದ. ಬದುವಿನ ಮೇಲೆ ಕೂತು ಒಂದು ಹಾಡು ಪೂರ್ತಿ ಕೇಳಿದ. ಅವನ ತಾಳ್ಮೆ ದೊಡ್ಡದು. ಆಮೇಲೆ ಎದ್ದು, "ಗುದ್ದಲಿ ಇತ್ಲಾಗೆ ಕೊಡಪ್ಪ. ದಣೀತಾ ಯಾಕೆ ಹಾಡ್ತೀಯ, ನಿಂತು ಆರಾಮಾಗಿ ಹಾಡು" ಎಂದ.

ತೋಟಗಾರ ಕೈಮುಗಿದು ಕಣ್ಣು ಮುಚ್ಚಿ ಹಾಡಿದ. ಯಜಮಾನ ಹತ್ತು ಮಾರು ಆಚೆ ಹೋಗಿ ಬಾಯಿ ಬಿಡದೆ ಅಗೆದ. ಹಾಡು ಮುಗಿಸಿ ಕಣ್ಣು ತೆರೆದರೆ ತೋಟಗಾರನ ಬಳಿ ಒಂದು ಹಕ್ಕಿಯೂ ಇರಲಿಲ್ಲ. ಎಲ್ಲವೂ ಯಜಮಾನನ ಗುದ್ದಲಿಯ ಸುತ್ತ ಸೇರಿ, ಮಣ್ಣಿನಿಂದ ಮೇಲೆದ್ದ ಎರೆಹುಳುಗಳಿಗಾಗಿ ಕಿತ್ತಾಡುತ್ತಿದ್ದವು. ಸಿಪಿಲೆ ಅಲ್ಲಿಯೂ ಬಾಲ ಕುಣಿಸುತ್ತಿತ್ತು. ತೋಟಗಾರನಿಗೆ ಅಳು ಬಂತು. ಸಂಕ್ರಾಂತಿಯಂದು ಅವನು ಹಿಮ್ಮೇಳದ ಕಡೆಯ ಸಾಲಿನಲ್ಲಿ ನಿಂತ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ, ಮುಂದಿನವರು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡು ತಿರುಗಿ ಹೇಳಿದ.

ಶಾಂತಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. "ಹುಳು ತಿನ್ನಲು ಬಂದ ಹಕ್ಕಿಗಳನ್ನು ರಸಿಕರೆಂದು ತಿಳಿದನಲ್ಲ ಗುರುಗಳೇ. ಎಂಥ ಮೂಢ."

ಗುರುಗಳೂ ನಕ್ಕು ಹೇಳಿದರು: "ನಾಳೆಯಿಂದ ನಿನ್ನ ಪ್ರವಚನವನ್ನು ಊಟದ ಪಂಕ್ತಿ ಎದ್ದ ಮೇಲೆ ಇಟ್ಟುಕೊಳ್ಳೋಣ."