ಭಟ್ಟಿ ನಿಂಬಕ್ಕನ ಎರಡನೆಯ ಹಿಡಿ

ಯಾವ ಕಾಲ ಅಂತ ಕೇಳಬೇಡಿ, ನನಗೆ ಹೇಳಿದವರ ಅಜ್ಜನಿಗೂ ಅದು ಹಳೆಯ ಕಾಲವೇ. ಹಳ್ಳದ ದಂಡೆಯ ಮೇಲೆ ಒಂದು ಊರಿತ್ತು, ಆ ಊರಲ್ಲಿ ಮಂಡಕ್ಕಿ ಹುರಿಯುವ ನಿಂಬಕ್ಕ ಇದ್ದಳು. ಅವಳ ಬಾಣಲೆಯ ಕಾದ ಮರಳಿಗೆ ಅಕ್ಕಿ ಬಿದ್ದರೆ ಮೂರು ಊರಾಚೆಯ ಎತ್ತು ಕಿವಿ ನಿಮಿರಿಸುತ್ತಿತ್ತು ಅಂತಾರೆ. ಇರಲಿ, ಎತ್ತಿನ ಮಾತು ಸ್ವಲ್ಪ ಹೆಚ್ಚಾಯಿತೇನೋ.

ಹೊಲಕ್ಕೆ ಹೋಗುವ ತಾಯಂದಿರು ಮಕ್ಕಳನ್ನು ಅವಳ ಭಟ್ಟಿಯ ಕಟ್ಟೆಯ ಮೇಲೆ ಬಿಟ್ಟು ಹೋಗುತ್ತಿದ್ದರು. ಮಕ್ಕಳು ಬೆಂಕಿಯ ಹತ್ತಿರ ಸುಳಿಯಬಾರದಲ್ಲ, ಅದಕ್ಕೆ ನಿಂಬಕ್ಕ ಒಂದು ಆಟ ಹೂಡಿದಳು. ಬಾಣಲೆ ಏನಂತು? ಚ. ಜರಡಿಯಿಂದ ಮರಳು ಜಾರಿದಾಗ? ಸ. ತುಟಿ ಮುಚ್ಚಿ ತೆರೆದರೆ? ಮ. ಹಾಗಾದರೆ ಮರಳು, ಮಜ್ಜಿಗೆ, ಮಂಡಕ್ಕಿ ಎಲ್ಲ ಒಂದೇ ಮನೆಯವು! ಸರಿಯಾಗಿ ಹೇಳಿದವರಿಗೆ ಒಂದು ಹಿಡಿ ಮಂಡಕ್ಕಿ. ಅವಳಿಗೋ ಓದು ಬರಹ ಬಾರದು. ಕಿವಿ, ಬಾಯಿ, ಅಷ್ಟೇ ಅವಳ ಬಂಡವಾಳ.

ಆ ಊರ ಕೂಲಿಮಠದಲ್ಲಿ ಓದು ಕಲಿಸುವವರು ಕೊಟ್ರಯ್ಯ ಐಗಳು. ವಿಜಯದಶಮಿಯ ದಿನ ಹೊಸ ಮಕ್ಕಳನ್ನು ಸಾಲಾಗಿ ಕೂರಿಸಿ, ಬೆರಳು ಹಿಡಿದು ಮರಳಿನ ಮೇಲೆ ಮೊದಲ ಅಕ್ಷರ ತಿದ್ದಿಸುವುದು ಅವರ ಹಕ್ಕು, ಅವರ ಹಬ್ಬ. ಭಟ್ಟಿಯ ಮಕ್ಕಳಿಗೆ ತಿದ್ದಿದ ಅಕ್ಷರ ಆ ಗಳಿಗೆಗೇ ತಲೆಗೆ ಹತ್ತುತ್ತಿತ್ತು. ಐಗಳು ಹಿಗ್ಗುತ್ತಿದ್ದರು. ಆದರೆ ಒಂದು ವರ್ಷ ತೆಂಗಿನಕಾಯಿ ಹಿಡಿದು ಬಂದ ತಾಯಂದಿರು ಅವರಿಗೇ ಕೈಮುಗಿದು, 'ಎಲ್ಲಾ ನಿಂಬಕ್ಕನ ಪುಣ್ಯ ಐನೋರೆ' ಅಂದುಬಿಟ್ಟರು.

'ನಲವತ್ತು ವರ್ಷ ಗಂಟಲು ಹರಿದುಕೊಂಡವನು ನಾನು, ಕಾಯಿ ನನಗೆ, ಪುಣ್ಯ ಅವಳಿಗೆ!' ಅಂದುಕೊಂಡರು ಐಗಳು. ಅಂದಿನಿಂದ ಐಗಳಿಗೆ ಅನ್ನ ರುಚಿಸಲಿಲ್ಲ ಅಂತಾರೆ. ಮನೆಯೊಳಗೆ ಮಂಡಕ್ಕಿ ಬರಕೂಡದು. ಬೀದಿಯಲ್ಲಿ ಹುರಿದ ವಾಸನೆ ಬಂದರೆ ಮೂಗು ಮುಚ್ಚಿಕೊಂಡು ಸುತ್ತುದಾರಿ. ಹೆಂಡತಿ ಪಂಪವ್ವ, 'ಭಟ್ಟಿ ಅಲ್ಲೈತೆ, ಉರಿ ಇಲ್ಲೈತಲ್ಲ!' ಅಂತ ನಕ್ಕರೆ ತಟ್ಟೆ ಬಿಟ್ಟು ಏಳುತ್ತಿದ್ದರಂತೆ.

ಮುಂದಿನ ವಿಜಯದಶಮಿಗೆ ಐಗಳು ಇಡೀ ಊರಿನೆದುರು ನಿಂಬಕ್ಕನನ್ನು ಕರೆಸಿ, ಮರಳಿನ ಹಲಗೆ ಮುಂದಿಟ್ಟು, 'ನಿನ್ನ ಹೆಸರಿನ ಮೊದಲಕ್ಷರ ಬರಿಯವ್ವ, ನೋಡಾಣ' ಅಂದರು.

'ನಂಗೆ ಬರಾದಿಲ್ಲ ಐನೋರೆ. ಅದು ನಿಮ್ಮ ಕೆಲಸ' ಅಂದಳು ಅವಳು.

ಅಕ್ಷರ ಬಾರದವಳಿಂದ ಕಲಿತರೆ ಸರಸ್ವತಿ ಮುನಿಯುತ್ತಾಳೆ ಅಂತ ಐಗಳು ಸಾರಿದರು. ಊರು ಹೆದರಿತು. ಭಟ್ಟಿಯ ಕಟ್ಟೆ ಬರಿದಾಯಿತು. ಐಗಳು ಒಂದು ವರ್ಷ ಹೊಟ್ಟೆ ತುಂಬ ಉಂಡರು.

ವರ್ಷ ತುಂಬಿ ಹೊಸ ಸಾಲು ಕೂತಿತು, ಅದರಲ್ಲಿ ಐಗಳ ಮೊಮ್ಮಗಳು ಹಾಲವ್ವನೂ ಇದ್ದಳು. ತಿದ್ದು ಅಂದರೆ ಮುದ್ದಾಗಿ ತಿದ್ದುತ್ತಾಳೆ. ಇದು ಏನನ್ನುತ್ತದೆ ಅಂದರೆ ತಾತನ ಮುಖ ನೋಡುತ್ತಾಳೆ. ತಿಂಗಳಾಯಿತು, ಮೂರು ತಿಂಗಳಾಯಿತು, ಅಕ್ಷರ ಬೆರಳಲ್ಲೇ ಉಳಿಯಿತು, ಬಾಯಿಗೆ ಬರಲಿಲ್ಲ. ಇಡೀ ಸಾಲಿನ ಕಥೆಯೇ ಅದು. ಐಗಳು ಬೆತ್ತ ಎತ್ತಿದರು. ಆಮೇಲೆ ಮಠದ ಹೆಸರೆತ್ತಿದರೆ ಸಾಕು, ಹಾಲವ್ವ ಕಂಬ ತಬ್ಬಿಕೊಂಡು ಅಳುತ್ತಿದ್ದಳು.

ಆ ಅಳು ತಡೆಯಲಾರದೆ ಒಂದು ಮಧ್ಯಾಹ್ನ ಐಗಳು ಮೊಮ್ಮಗಳ ಕೈಹಿಡಿದು ಭಟ್ಟಿಗೆ ನಡೆದರು. ನಿಂಬಕ್ಕ ತಲೆ ಎತ್ತಿ ನೋಡಿದಳು. ಹಳೆಯ ಮಾತೊಂದನ್ನೂ ಎತ್ತಲಿಲ್ಲ.

'ಇಬ್ರೂ ಕುಂದ್ರಿ. ತುಟಿ ಮುಚ್ಚಿ ತೆರೀರಿ. ಏನು ಬಂತು?'

ಹುಡುಗಿ ತಾತನ ಮುಖ ನೋಡಿದಳು. ಐಗಳು ಬಾಯಿ ಮುಚ್ಚಿದರು, ತೆರೆದರು. ನಲವತ್ತು ವರ್ಷ ಆ ಅಕ್ಷರ ತಿದ್ದಿಸಿದವರಿಗೆ, ಅದಕ್ಕೆ ಎರಡೂ ತುಟಿ ಸೇರಬೇಕು ಅಂತ ಗೊತ್ತಾದದ್ದು ಅವತ್ತೇ ಅಂತಾರೆ. 'ಮ' ಅಂದರು. ತಾತನ ಗಡ್ಡ ಅಲ್ಲಾಡಿದ್ದು ಕಂಡು ಹಾಲವ್ವ ಕಿಲಕಿಲ ನಕ್ಕು, ತಾನೂ 'ಮ' ಅಂದಳು.

ನಿಂಬಕ್ಕ ಐಗಳಿಗೆ ಒಂದು ಹಿಡಿ ಮಂಡಕ್ಕಿ ಕೊಟ್ಟಳು, ಹುಡುಗಿಗೆ ಎರಡು.

'ಮೊದಲು ಹೇಳಿದವನು ನಾನು. ಅವಳಿಗ್ಯಾಕೆ ಎರಡು?' ಅಂದರಂತೆ ಐಗಳು!

'ತಗಳ್ರಿ ಐನೋರೆ, ಹೊಟ್ಟೆ ತಣ್ಣಗಾಗ್ಲಿ' ಅಂತ ನಿಂಬಕ್ಕ ಇನ್ನೊಂದು ಹಿಡಿ ಸುರಿದಳು. ಮರುದಿನ ಕಟ್ಟೆಯ ತುಂಬ ಮಕ್ಕಳು.

ಇವತ್ತಿಗೂ ಆ ಊರಲ್ಲಿ ವಿಜಯದಶಮಿಗೆ ಮಗು ತಿದ್ದುವ ಮರಳು ಭಟ್ಟಿಯಿಂದಲೇ ಬರಬೇಕು, ಬೆಚ್ಚಗೆ. ಮೇಷ್ಟ್ರು ಎಷ್ಟೇ ಡಿಗ್ರಿಯವರಾಗಲಿ, ಮೊದಲು ಮಗುವಿನೆದುರು ಕೂತು, ತುಟಿ ಮುಚ್ಚಿ ತೆರೆದು, 'ಮ' ಅನ್ನಬೇಕು. ಆಮೇಲೆ ಮಗುವಿಗೆ ಎರಡು ಹಿಡಿ ಮಂಡಕ್ಕಿ, ಮೇಷ್ಟ್ರಿಗೆ ಒಂದು, ಸ್ವಲ್ಪ ತಡೆದು ಇನ್ನೊಂದು. ಹೊಸ ಮೇಷ್ಟ್ರು ಈ ಎರಡನೆಯ ಹಿಡಿ ಯಾಕೆ ಅಂತ ಕೇಳಿದರೆ ಮುದುಕಿಯರು ಹೇಳುವುದಿಲ್ಲ, ಸೆರಗು ಬಾಯಿಗಿಟ್ಟುಕೊಂಡು ನಗುತ್ತಾರೆ.