ಜವರಮ್ಮನ ಕದಂಬ ಖಾತೆ

ಜವರಮ್ಮನಿಗೆ ಒಂದು ಅಭ್ಯಾಸ. ಹತ್ತು ನಿಮಿಷಕ್ಕೊಮ್ಮೆ ಕಟ್ಟುತ್ತಿದ್ದ ಹಾರವನ್ನು ತೊಡೆಯ ಮೇಲೆ ಬಿಟ್ಟು, ಬೆರಳನ್ನು ಚೊಂಬಿನಲ್ಲಿ ಅದ್ದಿ, ಮುಂದಿದ್ದ ಹೂವಿನ ಮೇಲೆ ನೀರು ಚಿಮುಕಿಸುತ್ತಿದ್ದಳು. ಗಿರಾಕಿ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಒಮ್ಮೆ ನೆಂಟರ ಮದುವೆಯಲ್ಲಿ ಊಟಕ್ಕೆ ಕೂತವಳು ಮಾತಿನ ಭರದಲ್ಲಿ ಕುಡಿಯುವ ನೀರನ್ನೇ ಪಕ್ಕದವಳ ಮುಡಿಗೆ ಚಿಮುಕಿಸಿಬಿಟ್ಟಿದ್ದಳು.

ಮಂಡ್ಯ ಸೀಮೆಯ ಒಂದು ಊರು. ಅಲ್ಲಿನ ಪೇಟೆ ಬೀದಿಯ ಫುಟ್‌ಪಾತಿನಲ್ಲಿ, ಒಂದು ಹಳೆಯ ಛತ್ರಿಯ ಕೆಳಗೆ, ಜವರಮ್ಮ ಇಪ್ಪತ್ತೆರಡು ವರ್ಷದಿಂದ ಹೂ ಮಾರುತ್ತಿದ್ದಳು. ಎದುರಿಗೆ ನಗರಸಭೆಯ ಹೂವಿನ ಮಳಿಗೆಗಳು. ಮೇಲೆ ಸೂರು, ಒಳಗೆ ತಂಪು, ಮೂಲೆಯಲ್ಲಿ ನಲ್ಲಿ. ಎಂಟು ವರ್ಷಕ್ಕೊಮ್ಮೆ ಅವುಗಳ ಹರಾಜು. ಆಗಷ್ಟೇ ಮುಗಿದಿದ್ದ ಹರಾಜಿಗೆ ಜವರಮ್ಮ ಹೋಗಿ ನಿಂತಿದ್ದಳು. ಠೇವಣಿಗೆ ದುಡ್ಡು ಸಾಲದೆ ಮಧ್ಯದಲ್ಲೇ ಕೈ ಇಳಿಸಿ ಬಂದಿದ್ದಳು. ಮುಂದಿನ ಹರಾಜಿಗೆ ಆ ಕೈ ಇಳಿಯಬಾರದು. ಅದೊಂದೇ ಅವಳ ಆಸೆ.

ಚೀಟಿ ಹಾಕಿ ಕೂಡಿಸಿದ ಮೂರು ಲಕ್ಷ ಅವಳ ಹತ್ತಿರ ಇತ್ತು. ಅದನ್ನು ತೆಗೆದುಕೊಂಡು ಬ್ಯಾಂಕಿನ ಬೀದಿಯಲ್ಲಿದ್ದ ಶಶಿರೇಖಾ ಎಂಬುವರ ಕಚೇರಿಗೆ ಹೋದಳು. ಜನರ ಹಣವನ್ನು ಹೂಡಿಕೆ ಮಾಡಿ ನೋಡಿಕೊಳ್ಳುವುದು ಅವರ ಕೆಲಸ. ಇದು ಎಂಟು ವರ್ಷದ ಮೇಲೆ ಬರುವ ಹರಾಜಿಗೆ ಬೇಕಾದ ದುಡ್ಡು ಎಂದು ಜವರಮ್ಮ ಮೊದಲೇ ಹೇಳಿದಳು.

"ಯಾವ ಕಂಪನಿ ಶೇರು ಏರುತ್ತೆ ಅಂತ ನೋಡಿ ನೋಡಿ ಕೊಳ್ತೀರಾ ಮೇಡಂ?" ಎಂದು ಕೇಳಿದಳು.

"ಇಲ್ಲ ಜವರಮ್ಮ. ಯಾವುದು ಏರುತ್ತೆ ಅಂತ ನಂಗೆ ಗೊತ್ತಿಲ್ಲ."

"ಗೊತ್ತಿಲ್ವಾ? ಮತ್ತೆ ನಿಮಗ್ಯಾಕೆ ಕಾಸು ಕೊಡಬೇಕು?"

ಶಶಿರೇಖಾ ನಕ್ಕರು. ಒಂದು ಹಾಳೆ ತೆಗೆದು ಗೆರೆ ಎಳೆದರು. "ದೇಶದ ದೊಡ್ಡ ದೊಡ್ಡ ಕಂಪನಿಗಳನ್ನೆಲ್ಲ ಒಟ್ಟಿಗೆ ಕೊಳ್ಳೋ ಇಂಡೆಕ್ಸ್ ಫಂಡ್ ಅಂತ ಇದೆ. ಅದರಲ್ಲಿ ನಿಮ್ಮ ದುಡ್ಡಿನ ಹತ್ತರಲ್ಲಿ ಏಳು ಪಾಲು. ಸರ್ಕಾರಕ್ಕೆ ಸಾಲ ಕೊಟ್ಟು ಬಡ್ಡಿ ಪಡೆಯೋ ಬಾಂಡಿನಲ್ಲಿ ಮೂರು ಪಾಲು. ಈ ಲೆಕ್ಕ ಕೆಡದ ಹಾಗೆ ನೋಡ್ಕೊಳ್ಳೋದು ನಮ್ಮ ಕೆಲಸ. ಹರಾಜು ಹತ್ತಿರ ಬಂದ ಹಾಗೆ ಬಾಂಡಿನ ಪಾಲು ಜಾಸ್ತಿ ಮಾಡ್ತಾ ಬರ್ತೀವಿ. ದಿನಾ ಕೊಂಡು ದಿನಾ ಮಾರೋದೆಲ್ಲ ಇಲ್ಲ. ಇದಕ್ಕೆ ನಾವು ವರ್ಷಕ್ಕೆ ಸಾವಿರಕ್ಕೆ ಐದು ರೂಪಾಯಿ ತಗೊಳ್ತೀವಿ."

"ಬಿದ್ದ ವರ್ಷಾನೂ ತಗೊಳ್ತೀರಾ?"

"ಬಿದ್ದ ವರ್ಷಾನೂ ತಗೊಳ್ತೀವಿ."

"ಎಂಟು ವರ್ಷಕ್ಕೆ ಇಷ್ಟೇ ಆಗುತ್ತೆ ಅಂತ ಬರ್ಕೊಡ್ತೀರಾ?"

"ಬರ್ಕೊಡಲ್ಲ. ಯಾರಾದರೂ ಬರ್ಕೊಟ್ಟರೆ ಅವರನ್ನ ನಂಬಬೇಡಿ."

ಬಾಡಿದ ಹೂವನ್ನು ಅಡಿಗೆ ಹಾಕಿ ತಾಜಾ ಹೂವನ್ನು ಮೇಲೆ ಹರಡುವವರನ್ನು ಜವರಮ್ಮ ದಿನಾ ನೋಡುತ್ತಿದ್ದಳು. ಈಯಮ್ಮ ಬಾಡಿದ್ದನ್ನೇ ಮೊದಲು ತೋರಿಸಿದ್ದರು. ಸಹಿ ಹಾಕಿ ಬಂದಳು.

ಅಲ್ಲಿಂದ ಅವಳ ಅಭ್ಯಾಸಕ್ಕೆ ಒಂದು ಬಾಲ ಬೆಳೆಯಿತು. ಹೂವಿಗೆ ನೀರು ಚಿಮುಕಿಸುವುದು, ಕೈಯನ್ನು ಸೆರಗಿಗೆ ಒರೆಸಿಕೊಳ್ಳುವುದು, ಫೋನ್ ತೆಗೆದು ಖಾತೆಯಲ್ಲಿ ಎಷ್ಟಿದೆ ಎಂದು ನೋಡುವುದು. ಮತ್ತೆ ಹೂವು, ಮತ್ತೆ ಫೋನು.

ಪಕ್ಕದಲ್ಲಿ ತೆಂಗಿನಕಾಯಿ ಮಾರುತ್ತಿದ್ದ ಚಲುವೇಗೌಡ ಇದನ್ನು ನೋಡಿ ಸುಮ್ಮನಿರುತ್ತಾನೆಯೇ? "ಏನಕ್ಕಾ, ಇವತ್ತು ನಿನ್ನ ಲಕ್ಷ ಅರಳ್ತಾ ಬಾಡ್ತಾ?" ಎನ್ನುತ್ತಿದ್ದ. ಅವನು ಭಾಮೈದನ ಮಾತು ಕೇಳಿ ಒಂದೇ ಕಂಪನಿಗೆ ಒಂದು ಲಕ್ಷ ಹಾಕಿದ್ದ. ಒಂದೇ ವರ್ಷಕ್ಕೆ ಅದು ಎರಡಾಗಿತ್ತು. "ಎಲ್ಲಾ ಕಂಪನಿ ಕೊಂಡ್ರೆ ಒಳ್ಳೇದರ ಜೊತೆ ಕೊಳೆತದ್ದೂ ಬತ್ತದೆ ಕಣಕ್ಕ. ಕಾಯಿ ಕುಟ್ಟಿ ನೋಡಿ ತಗೋಬೇಕು" ಎಂದು ಕಾಯಿ ಕುಟ್ಟಿ ತೋರಿಸುತ್ತಿದ್ದ.

ಎರಡನೇ ವರ್ಷ ಜವರಮ್ಮನ ಖಾತೆಯೂ ಮೂರೂವರೆ ಲಕ್ಷ ಆಯಿತು. ಆದರೆ ಒಂದು ದಿನ ಫೋನ್ ನೋಡಿದವಳಿಗೆ ಸಿಟ್ಟು ಬಂತು. ಏರುತ್ತಿದ್ದ ಕಂಪನಿಗಳ ಪಾಲಿನಲ್ಲಿ ಸ್ವಲ್ಪ ಮಾರಿ, ಮಲಗಿದ್ದ ಬಾಂಡಿಗೆ ಹಾಕಿದ್ದರು. ನೆಟ್ಟಗೆ ಕಚೇರಿಗೆ ಹೋದಳು.

"ಚೆನ್ನಾಗಿ ಹೋಗ್ತಿರೋ ಹೂವನ್ನ ಯಾರಾದರೂ ಕಮ್ಮಿ ಮಾಡ್ತಾರಾ ಮೇಡಂ?"

ಶಶಿರೇಖಾ ಅವಳ ಬುಟ್ಟಿಯಲ್ಲಿದ್ದ, ಹಲವು ಹೂ ಸೇರಿಸಿ ಕಟ್ಟಿದ ಕದಂಬ ಹಾರವನ್ನು ತೋರಿಸಿದರು. "ಇದರಲ್ಲಿ ಮಲ್ಲಿಗೆ ಎಷ್ಟು, ಕನಕಾಂಬರ ಎಷ್ಟು ಅಂತ ಲೆಕ್ಕ ಇದೆಯಾ?"

"ಇಲ್ದೆ? ನಾಕು ಗಂಟು ಮಲ್ಲಿಗೆ, ಎರಡು ಕನಕಾಂಬರ, ಒಂದು ಮರುಗ."

"ಮಲ್ಲಿಗೆ ಬುಟ್ಟಿ ತುಂಬಾ ಇದ್ದ ದಿನ ಹತ್ತು ಗಂಟು ಹಾಕ್ತೀರಾ?"

"ಹಾಕಿದ್ರೆ ಹಾರ ಒಂದು ಕಡೆ ಜಗ್ಗುತ್ತೆ. ಮಲ್ಲಿಗೆ ಬಾಡ್ತು ಅಂದ್ರೆ ಇಡೀ ಹಾರಾನೇ ಹೋಯ್ತು," ಎಂದವಳು ಅಲ್ಲಿಗೇ ನಿಲ್ಲಿಸಿದಳು. ತಾನು ಹೇಳಿದ್ದನ್ನು ತಾನೇ ಇನ್ನೊಂದು ಸಲ ಮನಸ್ಸಿನಲ್ಲಿ ಹೇಳಿಕೊಂಡಂತೆ ಇತ್ತು. ಬುಟ್ಟಿ ಎತ್ತಿಕೊಂಡು ಬಂದಳು.

ಅರ್ಧ ಅರ್ಥವಾಗಿತ್ತು. ಇನ್ನರ್ಧಕ್ಕೆ ದೊಡ್ಡ ಪರೀಕ್ಷೆಯೇ ಬರಬೇಕಾಯಿತು.

ಮೂರನೇ ವರ್ಷ ಆಷಾಢದಲ್ಲಿ ಶೇರು ಮಾರುಕಟ್ಟೆ ಬಿತ್ತು. ಮೂರೂವರೆ ಲಕ್ಷ ಇದ್ದದ್ದು ಮೂರಕ್ಕೆ ಬಂತು. ಆಮೇಲೆ ಎರಡು ಲಕ್ಷ ಎಪ್ಪತ್ತು ಸಾವಿರ. ಹಾಕಿದ್ದಕ್ಕಿಂತ ಕಡಿಮೆ.

ಜವರಮ್ಮನಿಗೆ ಇಷ್ಟು ವರ್ಷದ ಅನುಭವ ಒಂದೇ ಮಾತು ಹೇಳುತ್ತಿತ್ತು. ಬೆಳಿಗ್ಗೆ ಮೊಳಕ್ಕೆ ಮೂವತ್ತು, ಮಧ್ಯಾಹ್ನ ಇಪ್ಪತ್ತು, ಸಂಜೆ ಹತ್ತು, ದೀಪ ಹಚ್ಚಿದ ಮೇಲೆ ಐದು, ಆಮೇಲೆ ತಿಪ್ಪೆ. ಬೆಲೆ ಇಳಿಯೋಕೆ ಶುರುವಾಯಿತು ಅಂದರೆ ಕಾಯಬಾರದು. ಸಿಕ್ಕಿದಷ್ಟಕ್ಕೆ ಕೊಟ್ಟು ಬುಟ್ಟಿ ಖಾಲಿ ಮಾಡಬೇಕು. ಈ ಒಂದು ಬುದ್ಧಿಯಿಂದ ಅವಳು ಮಕ್ಕಳನ್ನು ಸಾಕಿದ್ದಳು. ಅದು ತಪ್ಪು ಅಂತ ಅವಳಿಗೆ ಹೇಗೆ ಅನ್ನಿಸಬೇಕು?

ಕಚೇರಿಗೆ ಹೋಗಿ, "ಎಲ್ಲಾ ಮಾರಿ ಕೊಟ್ಬಿಡಿ ಮೇಡಂ. ಇನ್ನೂ ಬಾಡೋಕೆ ಮುಂಚೆ" ಎಂದಳು.

"ದುಡ್ಡು ನಿಮ್ಮದು. ನೀವು ಹೇಳಿದರೆ ಮಾರ್ತೀನಿ. ಮಾರಬೇಡಿ ಅನ್ನೋದು ನನ್ನ ಸಲಹೆ" ಎಂದು ಶಶಿರೇಖಾ ಮಾರಾಟದ ಅರ್ಜಿ ಕೊಟ್ಟರು. "ಮನೆಗೆ ತಗೊಂಡು ಹೋಗಿ. ನಾಳೆ ಸಹಿ ಮಾಡಿ ತನ್ನಿ."

ಮರುದಿನ ಬೆಳಿಗ್ಗೆ ಅರ್ಜಿ ಜವರಮ್ಮನ ಸೊಂಟದಲ್ಲಿತ್ತು. ಸಹಿ ಮಾತ್ರ ಬಾಕಿ. ಅಷ್ಟರಲ್ಲಿ ತೋಟದಿಂದ ಮಾದಪ್ಪ ಮಲ್ಲಿಗೆ ತಂದ. ಅವನೇ ಬೆಳೆದು ಅವನೇ ತಂದು ಹಾಕುವವನು. ಆಷಾಢದಲ್ಲಿ ಮದುವೆಯಿಲ್ಲ, ಮುಂಜಿಯಿಲ್ಲ. ಮಲ್ಲಿಗೆಯನ್ನು ಕೇಳುವವರಿಲ್ಲ. ಹೋದ ತಿಂಗಳ ಬೆಲೆಯಲ್ಲಿ ಕಾಲು ಭಾಗಕ್ಕೆ ಸುರಿದ.

ಅವನ ಕೈ ತುಂಬಾ ಹಸಿ ಮಣ್ಣು ಮೆತ್ತಿತ್ತು.

"ಏನೋ ಮಾದಪ್ಪ, ರೇಟು ಬಿತ್ತು ಅಂತ ಗಿಡ ಕಿತ್ತಾಕಿ ಬಂದ್ಯಾ?" ಎಂದು ಜವರಮ್ಮ ಚೇಷ್ಟೆ ಮಾಡಿದಳು.

"ಅಯ್, ಹೂವಿನ ರೇಟು ಬಿದ್ರೆ ಗಿಡ ಯಾಕಕ್ಕ ಕೀಳ್ಲಿ? ಶ್ರಾವಣ ಬಂದ್ರೆ ಅದೇ ಗಿಡ ಅಲ್ವಾ ಹೂ ಬುಡೋದು? ಈಗ ಸಸಿ ಅಗ್ಗಕ್ಕೆ ಸಿಕ್ತಾವೆ. ಇನ್ನೆರಡು ಸಾಲು ನೆಟ್ಟು ಬಂದೆ."

"ಗಿಡ ಒಣಗಿ ಹೋಗಲ್ವಾ?"

"ಒಂದೋ ಎರಡೋ ಒಣಗ್ತವೆ. ತೋಟ ಒಣಗ್ತದಾ?"

ಜವರಮ್ಮನ ಬೆರಳು ಚೊಂಬಿನ ನೀರಿನಲ್ಲಿ ಹಾಗೇ ನಿಂತಿತು. ಮುಂದಿದ್ದ ಹೂವನ್ನು ನೋಡಿದಳು. ಮಾದಪ್ಪನ ಕೈಯ ಮಣ್ಣನ್ನು ನೋಡಿದಳು. ಇಪ್ಪತ್ತಕ್ಕೂ ಹೆಚ್ಚು ಆಷಾಢ ಕಂಡವಳು ಅವಳು. ಪ್ರತಿ ಸಲವೂ ಬೆಲೆ ಬಿದ್ದಿತ್ತು. ಒಂದು ಸಲವೂ ಮಾದಪ್ಪ ತೋಟ ಮಾರಿರಲಿಲ್ಲ. ಇಬ್ಬರೂ ಒಂದೇ ಮಲ್ಲಿಗೆಯಲ್ಲಿ ಬದುಕುವವರು. ಅವಳಿಗೆ ಸಂಜೆಯೊಳಗೆ ಮಾರುವುದು ಸರಿ. ಅವನಿಗೆ ಕಾಯುವುದು ಸರಿ.

ಹಾಗಾದರೆ ಆ ಖಾತೆಯಲ್ಲಿ ತನ್ನ ಹತ್ತಿರ ಇರುವುದು ಯಾವುದು?

ಅವತ್ತು ಮಧ್ಯಾಹ್ನವೇ ಕಚೇರಿಗೆ ಹೋದಳು. ಅರ್ಜಿಯನ್ನು ಮೇಜಿನ ಮೇಲಿಟ್ಟಳು. ಸಹಿ ಇರಲಿಲ್ಲ.

"ಮೇಡಂ, ಬುಟ್ಟಿಯಲ್ಲಿರೋ ಹೂವು ಅಂದ್ಕೊಂಡು ನಾನು ದಿನಾ ನೀರು ಚಿಮುಕಿಸ್ತಾ ಇದ್ದೆ. ಇದು ತೋಟ. ಒಳಗೆ ನೂರು ಗಿಡ ಇದೆ. ಒಂದೆರಡು ಒಣಗಿದರೂ ತೋಟ ಇರುತ್ತೆ. ಇವತ್ತಿನ ರೇಟು ಇವತ್ತು ಮಾರೋನಿಗೆ. ನಾನು ಮಾರಬೇಕಾಗಿರೋದು ಐದು ವರ್ಷ ಆದ್ಮೇಲೆ. ಸರೀನಾ?"

"ಸರಿ."

"ನೀವು ತೋಟ ಕಾಯೋರು. ಸಾವಿರಕ್ಕೆ ಐದು ರೂಪಾಯಿ ಕಾವಲಿನ ಕೂಲಿ. ಬೆಲೆ ಬಿದ್ದ ವರ್ಷ ಕಾವಲು ಬಿಟ್ಟು ಹೋಗೋಕಾಗುತ್ತಾ? ಅದಕ್ಕೇ ಆಗಲೂ ಕೂಲಿ. ಸರೀನಾ?"

"ಸರಿ."

"ಹಾಗಾದ್ರೆ ಹೇಳಿ, ಈ ಬಿದ್ದ ವಾರ ನೀವೇನು ಮಾಡಿದ್ರಿ?"

ಶಶಿರೇಖಾ ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದರು. "ಕಂಪನಿಗಳ ಪಾಲು ಏಳಕ್ಕಿಂತ ಕೆಳಗೆ ಹೋಗಿತ್ತು. ಬಾಂಡಿನಲ್ಲಿ ಸ್ವಲ್ಪ ತೆಗೆದು ಅಲ್ಲಿಗೆ ಹಾಕಿದ್ವಿ. ಈಗ ಮತ್ತೆ ಏಳು, ಮೂರು."

ಜವರಮ್ಮ ನಕ್ಕುಬಿಟ್ಟಳು. ಎಷ್ಟು ಜೋರಾಗಿ ಅಂದರೆ ಆಚೆ ಕೂತಿದ್ದವರು ತಿರುಗಿ ನೋಡಿದರು. "ನಂಗೆ ಮಲ್ಲಿಗೆ ಹಾಕೋ ಮಾದಪ್ಪಾನೂ ಅದನ್ನೇ ಮಾಡಿ ಬಂದ ಮೇಡಂ, ಬೆಲೆ ಬಿದ್ದಾಗ ಸಸಿ ಕೊಂಡು ನೆಟ್ಟ. ಅವನು ಒಂದು ದಿನಾನೂ ಬ್ಯಾಂಕ್ ಬೀದಿ ಕಡೆ ಬಂದೋನಲ್ಲ."

ಅವತ್ತಿನಿಂದ ಫೋನು ಬುಟ್ಟಿಯ ಅಡಿಗೆ ಹೋಯಿತು. ಖಾತೆಯನ್ನು ಯುಗಾದಿಗೆ ಒಮ್ಮೆ ನೋಡುತ್ತಿದ್ದಳು, ದೀಪಾವಳಿಗೆ ಒಮ್ಮೆ. ನೋಡಿದಾಗಲೂ ಎಷ್ಟಾಗಿದೆ ಎಂಬುದಕ್ಕಿಂತ ಮೊದಲು ಪಾಲು ಸರಿಯಾಗಿದೆಯೇ, ಕೂಲಿ ಎಷ್ಟು ಹಿಡಿದಿದ್ದಾರೆ ಎಂದು ನೋಡುತ್ತಿದ್ದಳು. ನೀರು ಹೂವಿಗೆ ಮಾತ್ರ ಬೀಳುತ್ತಿತ್ತು.

ಖಾತೆ ಮೇಲಕ್ಕೆ ಬರಲು ಒಂದೂವರೆ ವರ್ಷ ಹಿಡಿಯಿತು. ಆಮೇಲೆ ಇನ್ನೊಮ್ಮೆ ಸ್ವಲ್ಪ ಇಳಿಯಿತು, ಮತ್ತೆ ಏರಿತು. ಆ ನಡುವೆ ಚಲುವೇಗೌಡನ ಕಂಪನಿ ಬಾಗಿಲು ಹಾಕಿತು. ಅವನ ಎರಡು ಲಕ್ಷ ಕರಗಿ ಬರೀ ನಾಲ್ಕು ಸಾವಿರಕ್ಕೆ ಬಂದು ನಿಂತಿತು. ಕಾಯಿಯನ್ನು ಕುಟ್ಟಿ ಒಳಗಿನದನ್ನು ಹೇಳುತ್ತಿದ್ದವನಿಗೆ ಕಂಪನಿಯನ್ನು ಕುಟ್ಟಿ ನೋಡಲು ಆಗಿರಲಿಲ್ಲ. ಜವರಮ್ಮ ಅವನನ್ನು ಆಡಿಕೊಳ್ಳಲಿಲ್ಲ. ಅವತ್ತು ಅವನಿಗೆ ಟೀ ತರಿಸಿಕೊಟ್ಟಳು.

ಎಂಟನೇ ವರ್ಷ ಹರಾಜು ಬಂತು. ಅಷ್ಟು ಹೊತ್ತಿಗೆ ಶಶಿರೇಖಾ ಹೇಳಿದ ಹಾಗೆಯೇ ಹಣದ ಹೆಚ್ಚು ಪಾಲು ಬಾಂಡಿಗೆ ಬಂದು ಕೂತಿತ್ತು. ನಗರಸಭೆಯ ಅಂಗಳದಲ್ಲಿ ಒಬ್ಬೊಬ್ಬರಾಗಿ ಕೈ ಇಳಿಸಿದರು. ಬೇರೆ ಹೂವಿನ ಅಂಗಡಿಯವರು ಇಳಿಸಿದರು. ಹೋದ ಸಲ ಗೆದ್ದಿದ್ದವರೂ ಇಳಿಸಿದರು. ಬಾಡಿಹೋಗುವ ಹೂವಿಗೆ ಜೀವಮಾನವೆಲ್ಲ ನೀರು ಹಾಕಿ ಬೆರಳು ಬೆಳ್ಳಗೆ ಸುಕ್ಕಾಗಿದ್ದ ಒಂದು ಕೈ ಮಾತ್ರ ಮೇಲೆಯೇ ಇತ್ತು.

"ಮೂರನೇ ನಂಬರ್ ಮಳಿಗೆ, ಜವರಮ್ಮ," ಎಂದು ಕೂಗಿದರು.

ಠೇವಣಿ ಕಟ್ಟಿ, ಬೋರ್ಡು ಬರೆಸಿ, ಇನ್ನೂ ಒಂದಿಷ್ಟು ಖಾತೆಯಲ್ಲೇ ಉಳಿಯಿತು. ಮೊದಲ ದಿನ ಮಾದಪ್ಪ ಬಾಗಿಲಿಗೆ ತನ್ನ ತೋಟದ ಮಲ್ಲಿಗೆಯನ್ನೇ ಕಟ್ಟಿದ. ಶಶಿರೇಖಾ ಬಂದು ಒಂದು ಕದಂಬ ಹಾರ ಕೊಂಡು, ಹಣ ಕೊಟ್ಟೇ ಹೋದರು. ಹಳೆಯ ಛತ್ರಿಯನ್ನು ಜವರಮ್ಮ ಮಡಚಿ ಮೂಲೆಗೆ ಒರಗಿಸಿದಳು.

ಮಧ್ಯಾಹ್ನ ಚಲುವೇಗೌಡ ರಸ್ತೆ ದಾಟಿ ಬಂದ. ಸೂರು ನೋಡಿದ, ನಲ್ಲಿ ತಿರುಗಿಸಿ ನೋಡಿದ. ಆಮೇಲೆ ಆಚೀಚೆ ನೋಡಿ, ದನಿ ತಗ್ಗಿಸಿ ಹೇಳಿದ:

"ಅಕ್ಕಾ, ಇಷ್ಟು ವರ್ಷ ಪಕ್ಕದಲ್ಲೇ ಕೂತಿದ್ದೀನಿ. ನಿಂಗೆ ಗೊತ್ತಾಗಿರ್ತದೆ. ಇನ್ನೊಂದು ಆರು ತಿಂಗಳಲ್ಲಿ ಯಾವ ಕಂಪನಿ ಏರ್ತದೆ? ಒಂದೇ ಒಂದು ಹೆಸರು ಹೇಳಕ್ಕಾ."

ಜವರಮ್ಮ ಬೆರಳನ್ನು ಚೊಂಬಿನಲ್ಲಿ ಅದ್ದಿ ಹೂವಿನ ಮೇಲೆ ನೀರು ಚಿಮುಕಿಸಿದಳು. ಕದಂಬದ ದಾರವನ್ನು ಕೈಗೆತ್ತಿಕೊಂಡು ನಾಲ್ಕು ಗಂಟು ಮಲ್ಲಿಗೆ ಹಾಕಿದಳು. ಆಮೇಲೆ ಎರಡು ಕನಕಾಂಬರ, ಒಂದು ಮರುಗ.

ನೀತಿ: ನಿಮ್ಮ ಹಣವನ್ನು ಇನ್ನೊಬ್ಬರ ಕೈಗೆ ಕೊಡುವ ಮೊದಲು ಅವರು ಏನು ಮಾಡುತ್ತಾರೆ, ಏನು ಮಾಡುವುದಿಲ್ಲ, ಅದಕ್ಕೆ ಎಷ್ಟು ತೆಗೆದುಕೊಳ್ಳುತ್ತಾರೆ ಎಂದು ಕೇಳಿ ತಿಳಿದುಕೊಳ್ಳಿ. ನಾಳೆ ಯಾವುದು ಏರುತ್ತದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಅದಕ್ಕೇ ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಇಟ್ಟು, ಪಾಲು ಕೆಡದಂತೆ ನೋಡಿಕೊಂಡು, ಬೇಕಾದ ದಿನದವರೆಗೆ ಕೈಯಾಡಿಸದೆ ಬಿಡುವುದು. ಹೀಗೆ ಬಿಡುವ ಧೈರ್ಯ ಅದೃಷ್ಟದಿಂದ ಬರುವುದಿಲ್ಲ, ತಾನು ಇಟ್ಟದ್ದು ಏನು ಎಂದು ತಿಳಿದವರಿಗೆ ಬರುತ್ತದೆ.